ತಕ್ಕಡಿಯ ಕಾಲ ಕೆಳಗೆ ನನ್ನ ಫೋಟೋ

ಬ್ಯಾಂಕಿನವರು ನೀಲವ್ವನಿಗೆ ಸಾಲ ಕೊಡಲಿಲ್ಲ ಎಂದು ನಮ್ಮೂರಲ್ಲಿ ಇವತ್ತಿಗೂ ಹೇಳುತ್ತಾರಂತೆ. ಸುಳ್ಳು. ನನ್ನ ಅರ್ಜಿ ಬ್ಯಾಂಕಿಗೆ ಮುಟ್ಟಲೇ ಇಲ್ಲ. ನಮ್ಮವನೇ ಆದ ವೀರಭದ್ರಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ, ತನ್ನ ಜೋಳದ ಅಂಗಡಿಯ ತಕ್ಕಡಿಯ ಕಾಲ ಕೆಳಗೆ ಇಟ್ಟಿದ್ದ. ತಕ್ಕಡಿ ಎಂದರೆ ಕೈಯಲ್ಲಿ ಎತ್ತುವುದಲ್ಲ, ಚೀಲಗಟ್ಟಲೆ ತೂಗುವ ನಾಲ್ಕು ಕಾಲಿನ ಕಬ್ಬಿಣದ್ದು. ಅದರ ಒಂದು ಕಾಲು ಗಿಡ್ಡ. ಓಲಾಡಬಾರದೆಂದು ಅದರ ಕೆಳಗೆ ನನ್ನ ಅರ್ಜಿ. ಅರ್ಜಿಗೆ ಅಂಟಿಸಿದ್ದು ನನ್ನ ಫೋಟೋ. ವರ್ಷಕ್ಕೂ ಹೆಚ್ಚು ದಿನ ಅವನು ಮಾರಿದ ಜೋಳವೆಲ್ಲ ನನ್ನ ಮುಖದ ಮೇಲೆಯೇ ತೂಗಿತು.

ನಾನು ಮೂರನೇ ಇಯತ್ತೆಯವರೆಗೆ ಓದಿದವಳು. ಬರೆಯುವುದು ನಿಧಾನ. ಆದರೆ ಈ ಮಾತು ಬೇರೆಯವರ ಬಾಯಿಂದ ಊರಿಗೆ ಹೋದರೆ ಕೆಡುತ್ತದೆ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಲಿಂಗಸೂಗೂರು ಕಡೆಯ ಹಳ್ಳಿ ನಮ್ಮದು. ನಾನು, ನಮ್ಮ ಯಜಮಾನರು, ಕೈಯಲ್ಲಿ ಮಗಳು, ಒಂದು ಗಂಟು ರೊಟ್ಟಿ, ಇಷ್ಟರೊಂದಿಗೆ ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದೆವು. ಮೊದಲ ದಿನವೇ ಬೆರಗಾದದ್ದು ದೊಡ್ಡ ಕಟ್ಟಡ ನೋಡಿ ಅಲ್ಲ. ಸ್ಟೇಷನ್ನಿನ ಹೊರಗೆ ಒಬ್ಬಳು ಜೋಳದ ರೊಟ್ಟಿ ಎಣಿಸಿ ಮಾರುತ್ತಿದ್ದಳು. ರೊಟ್ಟಿಗೆ ದುಡ್ಡು. ನಮ್ಮಲ್ಲಿ ಹಸಿದವರು ಬಾಗಿಲಿಗೆ ಬಂದರೆ ರೊಟ್ಟಿ ಕೊಡುತ್ತೇವೆ, ಬೈದಾದರೂ ಕೊಡುತ್ತೇವೆ, ಮಾರುವುದಿಲ್ಲ. ಈ ಊರಲ್ಲಿ ನಮ್ಮಂಥವರು ಹೇಗೆ ಬದುಕಬೇಕಪ್ಪ ಎಂದುಕೊಂಡೆ. ಹೇಗೆ ಬದುಕಬೇಕೆಂದು ಅವಳೇ ತೋರಿಸಿದ್ದಳು, ನನಗೆ ತಿಳಿಯಲು ಹದಿನೈದು ವರ್ಷ ಬೇಕಾಯಿತು.

ಯಜಮಾನರು ಮೊದಲು ಗಾರೆ ಹೊತ್ತರು. ಆಮೇಲೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಹೆಲ್ಪರ್ ಆದರು. ಅಲ್ಲೇ ತಗಡಿನ ಮಾಡಿನ ಖೋಲಿ. ಊರಲ್ಲಿ ಬೆಳಗಾದರೆ ಎತ್ತಿನ ಗಂಟೆ ಕೇಳುತ್ತಿತ್ತು, ಇಲ್ಲಿ ಕಬ್ಬಿಣ ಕೊರೆಯುವ ಸದ್ದು. ಊರಲ್ಲಿ ಗೋಡೆ ಮಣ್ಣಿನದು, ಬೇಸಿಗೆಯಲ್ಲಿ ತಂಪು. ಇಲ್ಲಿ ತಗಡು ಕಾದರೆ ಒಳಗೆ ಕೂತವರು ಹಂಚಿನ ಮೇಲಿನ ರೊಟ್ಟಿ. ಬಾಡಿಗೆಗೆ ಇಲ್ಲಿಯವರು ಕಿರಾಯಿ ಅನ್ನುತ್ತಾರೆ. ಒಂದನೇ ತಾರೀಖು ಕಿರಾಯಿ ಕೊಡದಿದ್ದರೆ ಎರಡನೇ ತಾರೀಖು ನಲ್ಲಿಗೆ ಬೀಗ.

ಪಕ್ಕದ ಖೋಲಿಯಲ್ಲಿ ಯಾದಮ್ಮ ಇದ್ದಳು. ತೆಲುಗಿನವಳು, ತರಕಾರಿ ಬಂಡಿ ಇಟ್ಟಿದ್ದಳು. ನನಗಿಂತ ಒರಟು ಬಾಯಿ. ನಾನು ಪುಂಡಿಪಲ್ಲೆ ಬೇಕೆಂದು ಅವಳ ಬಂಡಿಯ ಮುಂದೆ ಕೈ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರೆ, ಅವಳು ಒಂದು ಕಟ್ಟು ಎತ್ತಿ ನನ್ನ ಮಡಿಲಿಗೆ ಎಸೆದು, "ಪುಂಟಿಕೂರ ಅನು, ಕುಣಿಯಬ್ಯಾಡ" ಅನ್ನುವ ಅರ್ಥದಲ್ಲಿ ತೆಲುಗಿನಲ್ಲಿ ಬೈದಳು. ನಮ್ಮ ಪುಂಡಿಯೇ ಇಲ್ಲಿ ಪುಂಟಿ. ಅದೇ ಎಲೆ, ಅದೇ ಹುಳಿ. ಅಂದು ಅನ್ನ ಇಳಿಯಿತು. ಅಕ್ಷರವೂ ಹಾಗೆಯೇ. ತೆಲುಗು ಬೋರ್ಡು ನೋಡಿ ನೋಡಿ, ಇವು ನಮ್ಮವೇ, ತಲೆಗಟ್ಟು ಮಾತ್ರ ಬೇರೆ ಎಂದು ತಿಳಿಯಿತು. ಒಂದು ದಿನ ಬಸ್ಸಿನ ಬೋರ್ಡು ನಾನೇ ಓದಿ ಹತ್ತಿದೆ. ಯಜಮಾನರಿಗೆ ಹೇಳಿದರೆ, "ನಾಳಿಂದ ನೀನಽ ಡ್ರೈವರ್ ಆಗು" ಎಂದರು.

ಅವರು ಸತ್ತದ್ದು ಕಾರ್ಖಾನೆಯ ಗೇಟಿನಲ್ಲಿ. ಎದೆ ನೋವು ಅಂದರಂತೆ, ಕೂತರಂತೆ, ಹೋದರಂತೆ. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಆಮೇಲೆ ನಾನೂ ರೊಟ್ಟಿ ಮಾರಿದೆ. ಇಲ್ಲಿಯವರು ಜೊನ್ನ ರೊಟ್ಟೆ ಅನ್ನುತ್ತಾರೆ, ದಪ್ಪಗೆ ಮೆತ್ತಗೆ ಮಾಡುತ್ತಾರೆ. ನಮ್ಮದು ಕೈಯಲ್ಲಿ ಬಡಿದು ತೆಳ್ಳಗೆ ಮಾಡಿ, ಒಣಗಿಸಿದ ಖಡಕ್ ರೊಟ್ಟಿ, ತಿಂಗಳಿಟ್ಟರೂ ಕೆಡುವುದಿಲ್ಲ. ಜೋಳ ಹಿಮಾಯತ್‌ನಗರದ ವೀರಭದ್ರಪ್ಪನ ಅಂಗಡಿಯದೇ. ಎರಡು ಬಸ್ ಬದಲಿಸಿ ಹೋಗಿ ತರುತ್ತಿದ್ದೆ, ಬಿಳಿಜೋಳ ನಮ್ಮ ಕಡೆಯದು ಎಂದು. ಅವನೂ ನಮ್ಮ ಕಡೆಯವನು. ನಮ್ಮ ಕಡೆಯಿಂದ ಗಾರೆ ಹೊರಲು ಬಂದವರಿಗೆಲ್ಲ ಅವನೇ ದೊಡ್ಡವನು. ರೇಷನ್ ಕಾರ್ಡಿಗೆ ಅವನು, ಆಸ್ಪತ್ರೆಗೆ ಅವನು, ಜಗಳ ಬಿಡಿಸಲು ಅವನು. ಅವನ ಅಂಗಡಿಯ ಹಿಂದಿನ ಬೀದಿಯಲ್ಲಿದ್ದ ಸಹಕಾರಿ ಬ್ಯಾಂಕಿನಲ್ಲಿ ಡೈರೆಕ್ಟರೂ ಅವನೇ.

ಆ ಬ್ಯಾಂಕಿನ ಬಗ್ಗೆ ಒಂದು ಕೆಟ್ಟ ಮಾತು ಬರೆಯುವುದಿಲ್ಲ. ಬಂಡಿಯವರು, ಬಳೆಯವರು, ಹೊಲಿಗೆ ಹಾಕುವವರು, ಇಂಥವರಿಗೇ ಇದ್ದ ಬ್ಯಾಂಕು. ನಮ್ಮ ಕಡೆ ಪಿಗ್ಮಿ ಅನ್ನುವುದಕ್ಕೆ ಇಲ್ಲಿ ಡೈಲಿ ಅನ್ನುತ್ತಾರೆ. ಬ್ಯಾಂಕಿನವನು ಸೈಕಲ್ಲಿನಲ್ಲಿ ಬಾಲಾನಗರದವರೆಗೂ ಬಂದು, ದಿನದ ಐದು ಹತ್ತು ರೂಪಾಯಿ ಇಸಿದುಕೊಂಡು ಚೀಟಿ ಕೊಡುತ್ತಿದ್ದ. ಯಾದಮ್ಮ ಬಂಡಿ ಕೊಂಡದ್ದು ಆ ಬ್ಯಾಂಕಿನ ಸಾಲದಲ್ಲೇ. ಚಿನ್ನ ಕೇಳಲಿಲ್ಲ, ಹೊಲ ಕೇಳಲಿಲ್ಲ. ಇಬ್ಬರು ಸದಸ್ಯರ ಜಾಮೀನು ಸಹಿ, ಅಷ್ಟೇ. ಊರಿನ ಸಾಹುಕಾರ ಸಾಲ ಕೊಡುವಾಗ ಮನೆಯ ಹೆಂಗಸರನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. ಇಲ್ಲಿ ಕೌಂಟರಿನ ಸುಜಾತಾ ಕಾಗದ ಮಾತ್ರ ನೋಡುತ್ತಿದ್ದಳು.

ನನ್ನ ತಪ್ಪು ಆಗಿದ್ದು ಆ ಕೌಂಟರಿನಲ್ಲೇ.

ಖಾತೆ ತೆರೆದು ಒಂದು ಷೇರು ತಗೊಂಡು ಸದಸ್ಯೆ ಆಗಲು ಹೋದ ದಿನ ಸುಜಾತಾ ತಲೆ ಎತ್ತದೆ ಕೇಳಿದಳು, "ಭರ್ತ ಪೇರು?" ಗಂಡನ ಹೆಸರು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಮದುವೆಯಲ್ಲಿ ಬಾಗಿಲು ತಡೆದಾಗ ಒಡಪು ಕಟ್ಟಿ, ಹಾಡಿನ ನಡುವೆ ಮುಚ್ಚಿಟ್ಟು ಒಮ್ಮೆ ಹೇಳುತ್ತೇವೆ, ಅಷ್ಟಕ್ಕೆ ಮುಗಿಯಿತು. ಸತ್ತ ಮೇಲೂ ಹೇಳುವುದಿಲ್ಲ. ಸುಜಾತಾ ಮತ್ತೆ ಕೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ಹಿಂದಿಯಲ್ಲಿ, "ಭೂಲ್ ಗಯೀ ಕ್ಯಾ", ಮರೆತಳೇನು ಎಂದು ನಕ್ಕರು. ಅಷ್ಟರಲ್ಲಿ ಒಳಗಿನಿಂದ ವೀರಭದ್ರಪ್ಪ ಬಂದು ಹೆಸರು ಹೇಳಿದ, ಫಾರಂ ತಾನೇ ತುಂಬಿದ. ನನ್ನ ಮಾನ ಉಳಿಸಿದ ಪುಣ್ಯಾತ್ಮ ಎಂದುಕೊಂಡೆ. ಅಂದಿನಿಂದ ನನ್ನ ಕಾಗದವೆಲ್ಲ ಅವನ ಕೈಯಿಂದಲೇ ಹೋಗತೊಡಗಿತು. ಒಂದು ಹೆಸರು ನುಂಗಿದ್ದಕ್ಕೆ ನನ್ನ ಜುಟ್ಟು ಅವನ ಕೈಗೆ ಹೋಯಿತು.

ಆ ಹೊತ್ತಿಗೆ ಹೈದರಾಬಾದಿನ ಆಚೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಕಂಪ್ಯೂಟರಿನ ಕೆಲಸದವರು. ಕಟ್ಟಡಕ್ಕೆ ಇಟ್ಟಿಗೆ ಹೊತ್ತವರು ನಮ್ಮ ರಾಯಚೂರು, ಯಾದಗಿರಿ ಕಡೆಯವರು, ಒಳಗೆ ಕೂತವರು ಬೇರೆಯವರು. ಕೂತವರಿಗೆ ಹೊಟ್ಟೆ ಬಂತು, ಅನ್ನ ಬಿಟ್ಟರು, ಜೋಳದ ರೊಟ್ಟಿ ಒಳ್ಳೆಯದೆಂದು ಯಾವನೋ ಡಾಕ್ಟರ್ ಹೇಳಿದನಂತೆ. ಅಂಥ ಒಂದು ಆಫೀಸಿನ ಕ್ಯಾಂಟೀನಿನವನು ನನ್ನನ್ನು ಹುಡುಕಿಕೊಂಡು ಬಂದ. ದಿನಕ್ಕೆ ಮುನ್ನೂರು ಖಡಕ್ ರೊಟ್ಟಿ. ಒಂದು ಹಂಚಿನಲ್ಲಿ ಆಗುವುದಲ್ಲ. ಒಂದು ಶೆಡ್ಡು, ನಾಲ್ಕು ಗ್ಯಾಸಿನ ಒಲೆ, ನಾಲ್ಕು ಹೆಂಗಸರು ಬೇಕು. ಸಾಲದ ಅರ್ಜಿ ತಂದು, ಫೋಟೋ ತೆಗೆಸಿ ಅಂಟಿಸಿ, ಯಾದಮ್ಮನಿಗೆ ಹೇಳಿ ಬೀದಿಯ ಇಬ್ಬರು ಸದಸ್ಯರ ಜಾಮೀನು ಹಾಕಿಸಿ, ವೀರಭದ್ರಪ್ಪನ ಕೈಗೆ ಕೊಟ್ಟೆ.

"ನೀಲವ್ವಕ್ಕ, ಯಾವ ಆಫೀಸು? ಯಾರು ಬಂದಿದ್ರು?" ಎಂದು ಎಲ್ಲ ಕೇಳಿದ. ಎಲ್ಲ ಹೇಳಿದೆ.

ಎರಡು ತಿಂಗಳು "ನೋಡೂಣ್ರಿ, ಮೀಟಿಂಗ್ ಆಗ್ಲಿ" ಎಂದ. ಮೂರನೇ ತಿಂಗಳು ಕೈ ಚೆಲ್ಲಿದ. "ಇಲ್ಲಂತ್ರಿ ಅಕ್ಕ. ಓದು ಬರಹ ಇಲ್ಲದ ವಿಧವಿಗೆ ಬ್ಯಾಂಕ್ ನಂಬೂದಿಲ್ಲ ಅಂದ್ರು. ನಾ ಭಾಳ ಹೇಳ್ದೆ."

"ಯಾರು ಅಂದ್ರು?"

"ದೊಡ್ಡವ್ರು. ಬಿಡ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಮುಂದಿನ ತಿಂಗಳು ಅವನ ಹೆಂಡತಿಯ ತಮ್ಮನ ರೊಟ್ಟಿ ಸೆಂಟರ್ ಶುರುವಾಯಿತು. ಕ್ಯಾಂಟೀನಿನ ಮುನ್ನೂರು ರೊಟ್ಟಿ ಅಲ್ಲಿಂದ ಹೋಗತೊಡಗಿತು. ವೀರಭದ್ರಪ್ಪ ದೊಡ್ಡ ಮನಸ್ಸು ಮಾಡಿ ನನ್ನನ್ನೂ ಕರೆದ. "ಬಂದು ಬಡೀರಿ, ದಿನಗೂಲಿ ಕೊಡಸ್ತೀನಿ. ನಿಮ್ಮ ಕೈ ಯಾರಿಗಿ ಐತಿ?"

ಹೋಗಲಿಲ್ಲ. ಆದರೆ ಅವನ ಮೇಲೆ ಅನುಮಾನವೂ ಬರಲಿಲ್ಲ. ಅಷ್ಟು ದಿನ ನಾನು ಬೈದದ್ದು ಬ್ಯಾಂಕನ್ನು. ಸುಜಾತಾಳ ಮುಖ ಕಂಡರೆ ಉಗುಳಬೇಕೆನಿಸುತ್ತಿತ್ತು.

ದಸರೆಯ ಆಯುಧಪೂಜೆಗೆ ಅಂಗಡಿ ತೊಳೆದು ತಕ್ಕಡಿಗೆ ಕುಂಕುಮ ಹಚ್ಚಿದ್ದರು. ಐದು ಕಿಲೋ ಜೋಳ ತೂಗಿಸಿದೆ. ಚೀಲಕ್ಕೆ ಸುರಿಯುವಾಗ ನಾಲ್ಕು ಕಾಳು ಬಿದ್ದವು. ಕಾಳು ತುಳಿಯಬಾರದೆಂದು ಬಗ್ಗಿದೆ. ತಕ್ಕಡಿಯ ಕಾಲ ಕೆಳಗಿನಿಂದ ನಾನೇ ನನ್ನನ್ನು ನೋಡುತ್ತಿದ್ದೆ. ತೊಳೆಯುವಾಗ ತೆಗೆದ ಕಾಗದವನ್ನು ಮಗುಚಿ ಇಟ್ಟಿದ್ದರು, ಫೋಟೋ ಹೊರಗೆ ಬಂದಿತ್ತು. ಅರ್ಧ ಮುಖ ಕಾಲಿನ ಕೆಳಗೆ, ಒಂದು ಕಣ್ಣು ಹೊರಗೆ.

"ಏನ್ ಬಿತ್ತು ಅಕ್ಕ?" ಎಂದ ಗಲ್ಲಾದ ಮೇಲೆ ಕೂತ ವೀರಭದ್ರಪ್ಪ.

"ಕಾಳ್ರಿ ಸಾವ್ಕಾರ್ರ. ಆರಿಸ್ಕೊಂಡೆ."

ದುಡ್ಡು ಕೊಟ್ಟು ಹೊರಗೆ ಬಂದೆ. ನೇರ ಬ್ಯಾಂಕಿಗೆ ಹೋಗಿ ಸುಜಾತಾಳನ್ನು ಕೇಳಿದೆ, ನನ್ನ ಅರ್ಜಿ ಯಾಕೆ ಬೇಡ ಅಂದಿರಿ ಎಂದು. ಅವಳು ವಹಿ ತೆಗೆದು ಬೆರಳಿಟ್ಟು ಕೆಳಗಿನವರೆಗೂ ನೋಡಿದಳು. "ನೀವು ಅರ್ಜಿಯೇ ಹಾಕಿಲ್ಲ ಅಮ್ಮಾ" ಎಂದಳು ತೆಲುಗಿನಲ್ಲಿ. "ಹೊಸ ಫಾರಂ ಕೊಡಲಾ?"

ಬೇಡ ಅಂದೆ. ಯಾಕೆ ಬೇಡ ಅಂದೆ ಎಂದು ಮಗಳು ಇವತ್ತಿಗೂ ಬೈಯುತ್ತಾಳೆ. ಹೊಸ ಅರ್ಜಿ ಹಾಕಿದರೆ ಅದು ಹೋಗುವುದು ಡೈರೆಕ್ಟರುಗಳ ಮುಂದೆ, ಅಲ್ಲಿ ಕೂತವನು ಅವನೇ. ತಡೆದರೆ ಮತ್ತೆ ತಡೆದ. ಬಿಟ್ಟರೆ, ನಾನೇ ಕೊಡಿಸಿದೆ ಅನ್ನುತ್ತಾನೆ, ನಾನು ಅವನಿಗೆ ಕೈ ಮುಗಿಯಬೇಕು. ಅದಕ್ಕಿಂತ ಹಂಚು ಕವುಚಿ ಇಡುವುದು ವಾಸಿ.

ಫಾರಂ ಬದಲಿಗೆ ಬೇರೆಯದನ್ನು ಕೇಳಿದೆ. "ಆ ಕುರ್ಚಿಯಿಂದ ಅವನನ್ನು ಇಳಿಸುವವರು ಯಾರು?"

ಸುಜಾತಾ ಮೊದಲ ಬಾರಿ ತಲೆ ಎತ್ತಿ ನನ್ನನ್ನು ಪೂರಾ ನೋಡಿದಳು. ವರ್ಷಕ್ಕೊಂದು ಸಭೆ, ಬರುವ ಶ್ರಾವಣದ ಹೊತ್ತಿಗೆ ಡೈರೆಕ್ಟರುಗಳನ್ನು ಆರಿಸುವುದೂ ಇದೆ. ನೂರು ಷೇರು ಇದ್ದವನಿಗೂ ಒಂದೇ ಓಟು, ಒಂದು ಷೇರು ಇದ್ದವಳಿಗೂ ಒಂದೇ ಓಟು. ಸಭೆಗೆ ಮೂರು ತಿಂಗಳ ಮೊದಲು ಸದಸ್ಯರಾಗಿರಬೇಕು. ಹೊಸ ಸದಸ್ಯರಿಗೆ ಹಳೆಯ ಸದಸ್ಯರೊಬ್ಬರ ಪರಿಚಯ ಸಹಿ ಬೇಕು. ಇಷ್ಟು ಹೇಳಿ, "ನೀವೇ ನಿಲ್ಲಬೇಡಿ ಅಮ್ಮಾ, ಡೈರೆಕ್ಟರ್ ಆದರೆ ನಿಮಗೆ ಲೋನ್ ರಾದು" ಎಂದಳು. ರಾದು ಎಂದರೆ ಬರುವುದಿಲ್ಲ.

ನನಗೆ ಕುರ್ಚಿ ಬೇಕಿರಲಿಲ್ಲ. ಅವನು ಅದರಲ್ಲಿ ಇರಬಾರದಿತ್ತು, ಅಷ್ಟೇ.

ಊರಲ್ಲಾಗಿದ್ದರೆ ಹಗೆ ತೀರಿಸುವ ದಾರಿ ಬೇರೆ. ಅವರ ಮನೆಯ ಮುಂದೆ ನಿಂತು ಮಣ್ಣು ತೂರಿ ಬೈಯುತ್ತೇವೆ, ಇಡೀ ಓಣಿ ಕೇಳುತ್ತದೆ, ಮೂರು ದಿನಕ್ಕೆ ಆರುತ್ತದೆ. ಇಲ್ಲಿ ಬೈದರೆ ಬಸ್ಸಿನ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ಇಲ್ಲಿ ಕಾಯಬೇಕು. ಹಗೆಯನ್ನೂ ಖಡಕ್ ರೊಟ್ಟಿಯಂತೆ ಒಣಗಿಸಿ ಇಡಬೇಕು. ನಾನು ಹತ್ತು ತಿಂಗಳು ಇಟ್ಟೆ.

ಪ್ರತಿ ವಾರ ಅದೇ ಅಂಗಡಿಗೆ ಹೋದೆ. ಪ್ರತಿ ವಾರ ಒಂದೆರಡು ಕಾಳು ಬೇಕೆಂದೇ ಬೀಳಿಸಿದೆ, ಬಗ್ಗಿ ನೋಡಿದೆ. ಇದ್ದೇನೆ. ಸಂಕ್ರಾಂತಿಯ ಮುಂದೆ ಒಮ್ಮೆ ತಕ್ಕಡಿ ಜಾಗ ಬದಲಿಸಿದ್ದರು. ಬಗ್ಗಿದೆ. ಕಾಗದವೂ ತಕ್ಕಡಿಯ ಜೊತೆ ಹೋಗಿತ್ತು. ಗಿಡ್ಡ ಕಾಲು ಗಿಡ್ಡವೇ ತಾನೇ.

ಉಳಿದ ದಿನ ಹೆಂಗಸರನ್ನು ಕೂಡಿಸಿದೆ. ಇಟ್ಟಿಗೆ ಹೊರುವವರು, ಪಾತ್ರೆ ತಿಕ್ಕುವವರು, ರೊಟ್ಟಿ ಬಡಿಯುವವರು, ಎಲ್ಲ ನಮ್ಮ ಕಡೆಯವರು. ಒಂದು ಷೇರಿಗೆ ಎಷ್ಟು ಬೇಕೋ ಅಷ್ಟನ್ನು ಡೈಲಿಯಲ್ಲಿ ಕೂಡಿಟ್ಟರು. ಪರಿಚಯ ಸಹಿಗೆ ಯಾರ ಹತ್ತಿರ ಹೋದೆ ಅನ್ನುತ್ತೀರಿ? ವೀರಭದ್ರಪ್ಪನ ಹತ್ತಿರವೇ. ಒಂದು ವಾರ ಐದು ಫಾರಂ, ಒಂದು ವಾರ ಎಂಟು.

"ಯಕ್ಕ, ನೀ ನನ್ನ ಓಟಿನ ಚೀಲ ತುಂಬಾಕತ್ತೀ ನೋಡು" ಎಂದು ಅವನು ಹಲ್ಲು ಬಿಟ್ಟ. ನಮ್ಮ ಕಡೆಯ ಹೆಂಗಸರು ಅವನು ಕೈ ಎತ್ತು ಅಂದರೆ ಎತ್ತುವವರು, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಒಂದೊಂದಕ್ಕೂ ದೊಡ್ಡ ಸಹಿ ಹಾಕಿದ. "ಇಲ್ಲೇ ಬಿಡ್ರಿ, ಬ್ಯಾಂಕಿಗೆ ನಾ ಕೊಡ್ತೀನಿ."

"ನಿಮಗ್ಯಾಕ್ರಿ ತ್ರಾಸು. ನಾನಽ ಒಯ್ತೀನಿ" ಎಂದೆ. ಒಂದೂ ಬಿಡಲಿಲ್ಲ.

ನಿಲ್ಲಿಸುವುದು ಯಾರನ್ನು? ಯಾದಮ್ಮನನ್ನು. ಅವಳು ಹಳೆಯ ಸದಸ್ಯೆ, ತೆಗೆದ ಸಾಲ ಪೂರಾ ತೀರಿಸಿದವಳು. "ನಾನು ಟೊಮೆಟೊ ಮಾರುವವಳು, ನನಗೇಕೆ ಕುರ್ಚಿ" ಎಂದಳು. "ಅವನಿಗೇಕೆ ಇತ್ತು?" ಎಂದೆ. ಸ್ವಲ್ಪ ಹೊತ್ತು ಟೊಮೆಟೊ ಒರೆಸಿ ಜೋಡಿಸಿ, ಸರಿ ಅಂದಳು.

ಸಭೆ ಬ್ಯಾಂಕಿನ ಹತ್ತಿರದ ಮದುವೆ ಹಾಲಿನಲ್ಲಿ. ಭಾನುವಾರ ಬೆಳಿಗ್ಗೆ. ವೀರಭದ್ರಪ್ಪ ಇಸ್ತ್ರಿ ಧೋತರ ಉಟ್ಟು, ನಮ್ಮ ಹೆಂಗಸರಿಗೆಲ್ಲ ಚಹಾ ಹೇಳಿದ್ದ. ಎಲ್ಲರೂ ಕುಡಿದರು. ಕುಡಿಯಿರಿ ಎಂದು ನಾನೇ ಹೇಳಿದ್ದೆ.

ಚುನಾವಣೆ ನಡೆಸಲು ಬಂದ ಅಧಿಕಾರಿ ಒಂದು ಕುರ್ಚಿಗೆ ವೀರಭದ್ರಪ್ಪನ ಹೆಸರು ಓದಿ, ಬೇರೆ ಯಾರಾದರೂ ಇದ್ದಾರೆಯೇ ಎಂದ. ಎದ್ದು ನಿಂತು ಯಾದಮ್ಮನ ಹೆಸರು ಹೇಳಿದೆ. ಸೂಚಿಸುವವರ ಹೆಸರು ಹೇಳಿ ಎಂದ. "ನೀಲವ್ವ." ಗಂಡನ ಹೆಸರು? ಎಂದು ಕೇಳಿದ.

ವೀರಭದ್ರಪ್ಪ ಇನ್ನೂ ನಗುತ್ತಲೇ ಇದ್ದ. ತಮಾಷೆ ಎಂದುಕೊಂಡಿರಬೇಕು. ಎದ್ದು ನಿಂತು, "ಅವ್ರು ಹೇಳೂದಿಲ್ರಿ ಸಾಹೇಬ್ರ, ನಮ್ಮ ಕಡೆ ಪದ್ಧತಿ. ನಾ ಹೇಳ್ತೀನಿ" ಎಂದ.

"ಕೂಡ್ರಿ ಸಾವ್ಕಾರ್ರ" ಎಂದೆ. "ಬರ್ಕೋರಿ ಸಾಹೇಬ್ರ. ಗಂಡನ ಹೆಸರು ಯಮನಪ್ಪ. ಯಮನಪ್ಪನ ಹೆಂಡ್ತಿ ನೀಲವ್ವ."

ನಮ್ಮ ಹೆಂಗಸರ ಸಾಲಿನಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು. "ಒಡಪಿಲ್ದಽ ಹೇಳಿದ್ಲಲ್ಲೇ ಮುದುಕಿ" ಎಂದಳು ಇನ್ನೊಬ್ಬಳು. ಹೆಸರು ಹೇಳಿದರೆ ನಾಲಿಗೆ ಬೀಳುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬೀಳಲಿಲ್ಲ. ಇನ್ನೂ ಮಾತು ಉಳಿದಿತ್ತು, ಅದನ್ನೂ ಹೇಳಿದೆ.

"ಇವ್ರು ನನ್ನ ಅರ್ಜಿ ಬ್ಯಾಂಕಿಗೆ ಕೊಟ್ಟಿಲ್ಲ. ಬ್ಯಾಂಕ್ ಒಲ್ಲೆ ಅಂತು ಅಂದ್ರು. ನನ್ನ ಅರ್ಜಿ, ನನ್ನ ಮಾರಿ, ಇವ್ರ ಅಂಗಡ್ಯಾಗ ತಕ್ಕಡಿ ಕಾಲ ಕೆಳಗ ಐತಿ. ನಾಕು ಹೆಜ್ಜಿ ಐತಿ ಅಂಗಡಿ. ಹೋಗಿ ನೋಡಿ ಬರ್ರಿ."

"ಹುಚ್ಚು ಹಿಡದೈತಿ ಈಕಿಗೆ" ಎಂದ. ಆದರೆ ಕಣ್ಣು ಬಾಗಿಲ ಕಡೆ ಹೋಯಿತು. ಅವನಿಗೆ ಆಗ ನೆನಪಾಯಿತು. ಆ ಮುಖ ನೋಡಲು ನಾನು ಹತ್ತು ತಿಂಗಳು ಕಾದದ್ದು. ಚೆನ್ನಾಗಿ ನೋಡಿಕೊಂಡೆ.

ಇಬ್ಬರು ಸದಸ್ಯರು ಹೋಗಿ ತಂದರು. ಮಡಿಕೆಯಲ್ಲಿ ಜೋಳದ ಧೂಳು, ಫೋಟೋದ ಮೇಲೆ ಕಬ್ಬಿಣದ ಕಾಲಿನ ಗುಂಡನೆಯ ಗುರುತು. ಅಧಿಕಾರಿ ಬಿಚ್ಚಿ ಓದಿದ. ಓದಿ ನನ್ನ ಕೈಗೆ ಕೊಟ್ಟ. ಆಮೇಲೆ ಓಟು ಹಾಕಿದೆವು. ವೀರಭದ್ರಪ್ಪ ಸಹಿ ಹಾಕಿ ಒಳಗೆ ತಂದ ಹೆಂಗಸರಲ್ಲಿ ಒಬ್ಬಳೂ ಅವನ ಕಡೆ ಹೋಗಲಿಲ್ಲ. ಯಾದಮ್ಮ ಕುರ್ಚಿಯಲ್ಲಿ ಕೂತಳು, ಅಂಚಿನಲ್ಲಿ, ಬಂಡಿಯ ಮುಂದಿನ ಸ್ಟೂಲಿನಲ್ಲಿ ಕೂತಂತೆ.

ಸಂಜೆಯೊಳಗೆ ಸುದ್ದಿ ಊರು ಮುಟ್ಟಿತು. ನನ್ನ ತಮ್ಮ ಎಸ್‌ಟಿಡಿ ಬೂತಿನಿಂದ ನಮ್ಮ ಖೋಲಿಯ ಓನರನ ಮನೆಗೆ ಫೋನ್ ಮಾಡಿದ.

"ನಮ್ಮಂವನ್ನ ಕೆಡವಿ ತೆಲುಗರಾಕಿನ ಕೂಡ್ಸಿದಿ ಅಂತ. ಊರಾಗ ಮಾರಿ ಎತ್ತಿ ತಿರುಗಾಂಗಿಲ್ಲ ನಾ. ಯಮನಪ್ಪ ಮಾವನ ಹೆಸರೂ ಸಭಾದಾಗ ಒದರಿದ್ಯಂತ."

"ಒದರಿಲ್ಲ. ಹೇಳೀನಿ."

"ನೀ ಅಲ್ಲೀಯಾಕಿ ಆದಿ ಬಿಡು."

ಫೋನ್ ಇಟ್ಟ. ಅವನ ಮಾತು ಪೂರಾ ಸುಳ್ಳಲ್ಲ. ಊರಿಗೆ ಹೋದರೆ ನನ್ನ ಮಾತಿನಲ್ಲಿ ತೆಲುಗು ನುಸುಳುತ್ತದೆ, ಹೈದರಾಬಾದಿನ ನೀಲವ್ವ ಬಂದಳು ಅನ್ನುತ್ತಾರೆ. ಇಲ್ಲಿ ಇಪ್ಪತ್ತು ವರ್ಷ ಆದರೂ ಬೀದಿಯಲ್ಲಿ ನನ್ನ ಹೆಸರು ಕರ್ನಾಟಕ ಅಮ್ಮ. ಇದನ್ನು ಬರೆಯುವಾಗ ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಒಂದಕ್ಷರ ತಿಳಿಯುವುದಿಲ್ಲ, ಅವಳು ಕಲಿತದ್ದು ತೆಲುಗು. ಊರು ನನ್ನ ಮೇಲೆ ಸಿಟ್ಟಾದರೆ ನೋವಾಗುತ್ತದೆ, ಇಲ್ಲವೆಂದರೆ ಸುಳ್ಳು. ಈ ಊರು ಸಿಟ್ಟಾದರೆ ನಾನೂ ಸಿಟ್ಟಾಗುತ್ತೇನೆ, ಅಷ್ಟೇ. ಆದರೆ ನನ್ನ ಮುಖ ತುಳಿದವನು ಊರಿನವನು. ಹೆಸರು ಕೇಳಿ ಬರೆದುಕೊಂಡವರು ಇಲ್ಲಿಯವರು. ಇದನ್ನು ತೂಗಿ ನೋಡುವವರು ನೋಡಲಿ, ನನಗೆ ಪುರುಸೊತ್ತಿಲ್ಲ.

ಮರುದಿನ ಬೆಳಿಗ್ಗೆ ಬಸ್ ಹಿಡಿದು ವೀರಭದ್ರಪ್ಪನ ಅಂಗಡಿಗೆ ಹೋದೆ. ಆಗಷ್ಟೇ ಬಾಗಿಲು ತೆಗೆದಿದ್ದ. ನನ್ನನ್ನು ಕಂಡು ಎದ್ದ, ಮತ್ತೆ ಕೂತ.

"ಐದು ಕಿಲೋ ಬಿಳಿಜೋಳ" ಎಂದೆ.

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಬೇರೆ ಗಿರಾಕಿಗಳು ನಿಂತಿದ್ದರು. ಸುರಿದ. ತಕ್ಕಡಿ ಟಕಟಕ ಎಂದು ಓಲಾಡಿತು, ತೂಕ ನಿಲ್ಲಲೊಲ್ಲದು. ಅತ್ತ ಇತ್ತ ನೋಡಿ, ಕೆಳಗಿಡಲು ಏನನ್ನೋ ತಡಕಾಡಿದ.

"ನಿಮ್ಮ ಫೋಟೋ ಒಂದು ಇದ್ರ ಇಡ್ರಿ ಸಾವ್ಕಾರ್ರ" ಎಂದೆ.

ತೂಕ ನಿಲ್ಲುವವರೆಗೂ ನಿಂತೆ, ದುಡ್ಡು ಕೊಟ್ಟೆ, ಚೀಲ ಹೆಗಲಿಗೆ ಹಾಕಿಕೊಂಡು ಹಿಂದಿನ ಬೀದಿಗೆ ನಡೆದೆ. ಬ್ಯಾಂಕಿನ ಶಟರು ಆಗ ಏಳುತ್ತಿತ್ತು. ಮಡಿಕೆಯ ಅರ್ಜಿಯನ್ನು ಕೌಂಟರಿನ ಮೇಲೆ ಇಟ್ಟೆ. ಸುಜಾತಾ ನೋಡಿ, "ಇದು ಹರಿದಿದೆ ಅಮ್ಮಾ, ಹೊಸದು ತುಂಬೋಣ" ಎಂದಳು. ಇದೇ ಇರಲಿ ಎಂದೆ. ಅವಳು ಪೆನ್ನು ತೆಗೆದು, ಅಲ್ಲಿ ಬರೆದಿದ್ದರೂ, ಪದ್ಧತಿಯಂತೆ ಕೇಳಿದಳು.

"ಭರ್ತ ಪೇರು?"

"ಯಮನಪ್ಪ" ಎಂದೆ.